ಅರವಟ್ಟಿಗೆಯ ಬೊಗಸೆ

ಮಾತೋಶ್ರೀ ನೀಲಗಂಗಮ್ಮನವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಕೃಷ್ಣೆಯ ಕಡೆಗೆ ಹೋಗುವ ಗಾಡಿದಾರಿಯಲ್ಲಿ, ಬೇವಿನ ಮರದಡಿ, ಜೋಳದ ದಂಟು ಹೊದಿಸಿದ ಒಂದು ಅರವಟ್ಟಿಗೆ. ಒಳಗೆ ಮರಳಿನ ಮೇಲೆ ಮೂರು ಹರವಿ ನೀರು. ಇಪ್ಪತ್ತು ಬೇಸಿಗೆ ತಾಯಿಯವರು ಅಲ್ಲಿ ಕುಳಿತು ದಾರಿಹೋಕರಿಗೆ ನೀರೆರೆದರು. ಯಾರ ಹೆಸರನ್ನೂ ಕುಲವನ್ನೂ ಕೇಳುತ್ತಿರಲಿಲ್ಲ.

ಒಂದು ಚೈತ್ರದ ಮಧ್ಯಾಹ್ನ, ಇಂಗ್ಲಿಷ್ ಕಲಿಸುವ ಅಡಿವೆಪ್ಪ ಮಾಸ್ತರರು ಚೀಟಿಗಳ ಗಂಟೊಂದನ್ನು ಹೊತ್ತು ಅಲ್ಲಿಗೆ ಬಂದರು. ಸಾಧುಸಂತರೆಂದರೆ ಮೂಗು ಮುರಿಯುವವರು. ಅವರನ್ನು ಅಂದು ಕರೆತಂದದ್ದು ಬರೀ ಬಾಯಾರಿಕೆ. ಚೀಟಿಗೊಂದು ಶಬ್ದದಂತೆ ಹನ್ನೆರಡು ವರ್ಷ ಕೂತು ಇಂಗ್ಲಿಷ್-ಕನ್ನಡ ನಿಘಂಟು ಕಟ್ಟಿದವರು ಅವರು. ಅಚ್ಚಾಗಿ ಬಂದ ಮೊದಲ ಹಾಳೆಯಲ್ಲಿ ಶಾಲಾ ಇಲಾಖೆಯ ಮೇಲಿನ ಸಾಹೇಬನ ಹೆಸರಿತ್ತು, ಮಾಸ್ತರರ ಹೆಸರಿರಲಿಲ್ಲ. ಇನ್ನೂ ಅಚ್ಚಿಗೆ ಹೋಗದ ಚೀಟಿಗಳನ್ನೆಲ್ಲ ಹೊಳೆಗೆ ಎಸೆಯಲು ಹೊರಟಿದ್ದರು.

“ಅಡಗಿ ಮಾಡಿದಾಂವ ನಾ, ಎಲಿ ಮುಂದ ಕುಂತಾಂವ ಸಾಹೇಬ,” ಎನ್ನುತ್ತ ಮೇಲಿನ ಚೀಟಿ ತೆಗೆದರು. “ನೋಡ್ರಿ ಅವ್ವಾರ, ‘ರಿವಾರ್ಡ್’. ಬಹುಮಾನ, ಇನಾಮು, ಪ್ರತಿಫಲ, ಎಲ್ಲಾ ಅರ್ಥ ಬರದೇನಿ. ಕಳ್ಳನ್ನ ಹಿಡದವಗ ಸರಕಾರ ಕೊಡೋದೂ ಇದ, ಪುಣ್ಯವಂತಗ ದೇವರು ಕೊಡೋದೂ ಇದ. ಕೆಳಗ ಬಳಕಿ ತೋರಸಾಕ ಒಂದು ವಾಕ್ಯ ಬೇಕು. ಕೈ ಏಳವಲ್ದು. ನನಗ ಏನು ಸಿಕ್ತು ಅಂತ ಬರೀಲಿ?”

ತಾಯಿಯವರು ಕೈಯಲ್ಲಿದ್ದ ಗಿಂಡಿಯನ್ನು ಅವರತ್ತ ಚಾಚಿದರು.

“ನನ್ನ ಕೈ ಸೋತಾವ. ಒಂದೀಟು ನೀವು ನೀರು ಹಾಕ್ರಿ, ಮಾಸ್ತರ.”

ಆಗಲೇ ಒಬ್ಬ ಮುದುಕಿ ಕಟ್ಟಿಗೆಯ ಹೊರೆ ಇಳಿಸಿ ಬೊಗಸೆಯೊಡ್ಡಿದಳು. ಮಾಸ್ತರರು ಎರೆದರು, ಕಣ್ಣು ಮಾತ್ರ ಆಕೆಯ ಮುಖದ ಮೇಲಿತ್ತು. ಒಂದು ಒಳ್ಳೆಯ ಮಾತು ಬಂದೀತೇನೋ ಎಂದು ಪಾಪ, ಕಾಯುತ್ತಿದ್ದರು. ನೀರು ಬೊಗಸೆ ತಪ್ಪಿ, ಆಕೆಯ ಮೊಣಕೈಗುಂಟ ಇಳಿದು ಮಣ್ಣುಪಾಲಾಯಿತು. ಒಂದು ಹರದಾರಿ ದೂರದ ಹೊಳೆಯಿಂದ ತಾಯಿಯವರೇ ತಲೆಯ ಮೇಲೆ ಹೊತ್ತು ತಂದ ನೀರದು.

ತಾಯಿಯವರು ಗದರಲಿಲ್ಲ. “ಮಾರಿ ನೋಡಿದ್ರ ನೀರು ಚೆಲ್ಲತೈತಿ, ಮಾಸ್ತರ. ಬೊಗಸಿ ನೋಡ್ರಿ,” ಎಂದರು.

ಮಾಸ್ತರರು ಬೊಗಸೆ ನೋಡಿದರು. ಬಿರಿದ ಅಂಗೈ, ನಡುಗುವ ಬೆರಳು. ಧಾರೆ ನೇರವಾಯಿತು. ಗುಟುಕು ಗುಟುಕಾಗಿ ನೀರಿಳಿಯುವ ಸದ್ದು ಕಿವಿಗೆ ಬಿತ್ತು. ಮುದುಕಿ ಸಾಕಾಗುವಷ್ಟು ಕುಡಿದು, ಒದ್ದೆ ಕೈಯಲ್ಲಿ ಮುಖ ಒರೆಸಿಕೊಂಡು, ಹೊರೆ ಹೊತ್ತು ನಡೆದಳು. ಒಂದು ಮಾತೂ ಆಡಲಿಲ್ಲ, ತಿರುಗಿಯೂ ನೋಡಲಿಲ್ಲ. ಆದರೆ ಮಾಸ್ತರರ ಎದೆ ತುಂಬಿ ಬಂದಿತ್ತು. ಹನ್ನೆರಡು ವರ್ಷದಲ್ಲಿ ಅಂಥ ಸಂತೋಷ ಅವರು ಕಂಡಿರಲಿಲ್ಲ.

“ಈಗ ನೀವು ಕುಡೀರಿ,” ಎಂದರು ತಾಯಿಯವರು. ತಾವಿನ್ನೂ ಕುಡಿದಿಲ್ಲವೆಂಬುದು ಮಾಸ್ತರರಿಗೆ ನೆನಪಾದದ್ದೇ ಆಗ. ಅವರ ಬೊಗಸೆಯಲ್ಲಿ ನೀರಿನೊಡನೆ ಕಣ್ಣೀರೂ ಬೆರೆಯಿತು.

ಗಂಟು ಹೊಳೆಗೆ ಹೋಗಲಿಲ್ಲ, ಊರಿಗೆ ಮರಳಿತು. ಅಂದಿನಿಂದ ಬದುಕಿರುವವರೆಗೂ ಪ್ರತಿ ಬೇಸಿಗೆಯಲ್ಲಿ ಮಾಸ್ತರರು ಆ ಅರವಟ್ಟಿಗೆಗೆ ಹೊಳೆಯ ನೀರು ಹೊತ್ತರು. ನಿಘಂಟು ಸಾಹೇಬನ ಹೆಸರಿನಲ್ಲೇ ಹೊರಬಂದಿತು. ಆ ಶಬ್ದದ ಅರ್ಥಗಳೆಲ್ಲ ಮುಗಿದ ಮೇಲೆ, ಸಣ್ಣ ಅಕ್ಷರದಲ್ಲಿ ಒಂದು ಬಳಕೆಯ ವಾಕ್ಯವಿದೆ: ‘ಮುದುಕಿ ನೀರು ಕುಡಿದು ಹೋದಳು, ಎರೆದವನಿಗೆ ಅದೇ ಪ್ರತಿಫಲ.’