ಪುಕ್ಕಟೆ ಮುಲಾಮು

ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಪುಕ್ಕಟೆಯಾಗಿ ಬಂದ ವಸ್ತುವನ್ನು ಮಾರಿದರೆ ತಪ್ಪೇ?"

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವವರ ಕೇರಿಯಿತ್ತು. ಸುಣ್ಣ ಬೆರೆತ ನೀರಿನಲ್ಲಿ ದಿನವಿಡೀ ಕೈ ಅದ್ದಿ ಅವರ ಅಂಗೈ ಬಿರಿಯುತ್ತಿತ್ತು. ಒಬ್ಬ ವೈದ್ಯ ಅದಕ್ಕೊಂದು ಮುಲಾಮು ಮಾಡಿದ. ಹೊಸದಾದ್ದರಿಂದ ಯಾರೂ ಕೊಳ್ಳಲಿಲ್ಲ. ಆಗ ಅವನು ಇನ್ನೂರು ಪುಟ್ಟ ಡಬ್ಬಿಗಳಲ್ಲಿ ಮುಲಾಮು ತುಂಬಿ, ಕೇರಿಯ ವರ್ತಕನ ಅಂಗಡಿಗೆ ತಂದಿಟ್ಟ.

"ಕೇರಿಯವರಿಗೆಲ್ಲ ಒಂದೊಂದು ಕೊಡಿ. ದುಡ್ಡು ತೆಗೆದುಕೊಳ್ಳಬೇಡಿ. ಒಮ್ಮೆ ಹಚ್ಚಿಕೊಂಡವರು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ" ಎಂದ. ತನ್ನ ಮುಲಾಮಿನ ಮೇಲೆ ಅವನಿಗೆ ಅಷ್ಟು ಹೆಮ್ಮೆ.

ಮೊದಲ ದಿನ ವರ್ತಕ ಕೆಲವರಿಗೆ ಹಂಚಿದ. ಅವರ ಕೈ ವಾಸಿಯಾಯಿತು. ಸುದ್ದಿ ಹರಡಿ ಜನ ಅಂಗಡಿಗೆ ಮುಗಿಬಿದ್ದರು. ವರ್ತಕ ಆಸೆಗೆ ಬಿದ್ದು ಡಬ್ಬಿಗೆ ನಾಲ್ಕು ಕಾಸು ಕೇಳತೊಡಗಿದ. ಕಾಸಿಲ್ಲದವರು ಬಿರಿದ ಕೈಯಲ್ಲೇ ಹಿಂದಿರುಗಿದರು.

ಮೊದಲ ದಿನ ಡಬ್ಬಿ ಪಡೆದವರಲ್ಲಿ ಒಬ್ಬ ಹೆಂಗಸು ಇದ್ದಳು. ಅವಳ ಅಂಗೈ ದುಡಿದು ದುಡಿದು ಗಟ್ಟಿಯಾಗಿತ್ತು. ಅವಳಿಗೆ ಮುಲಾಮು ಬೇಕಿರಲಿಲ್ಲ, ಮನೆಗೆ ಉಪ್ಪು ಬೇಕಿತ್ತು. ಹಗ್ಗ ಜಗ್ಗಿ ಅಂಗೈಯ ಚರ್ಮ ಕಿತ್ತುಹೋಗಿದ್ದ ಗಾಡಿಯವನೊಬ್ಬನಿಗೆ ಅವಳು ಆ ಡಬ್ಬಿಯನ್ನು ಎರಡು ಕಾಸಿಗೆ ಮಾರಿದಳು.

ವರ್ತಕನಿಗೆ ವಿಷಯ ತಿಳಿಯಿತು. ತನ್ನ ಬೆಲೆ ಮುರಿದಳೆಂಬ ಸಿಟ್ಟಿನಲ್ಲಿ ಅವಳನ್ನು ಪೇಟೆಯ ಹಿರಿಯರ ಮುಂದೆ ನಿಲ್ಲಿಸಿ, ಪುಕ್ಕಟೆ ಪಡೆದದ್ದನ್ನು ಮಾರಿದ ಕಳ್ಳಿ ಎಂದು ದೂರಿದ. ಹಿರಿಯರು ವೈದ್ಯನನ್ನೂ ಕರೆಸಿದರು.

ಹೆಂಗಸು ತಲೆ ತಗ್ಗಿಸಲಿಲ್ಲ. "ಮಾರಿದ್ದು ನಿಜ. ಇದು ನನಗೆ ಪುಕ್ಕಟೆ ಸಿಕ್ಕಿದ್ದು ಎಂದು ಮೊದಲೇ ಹೇಳಿ, ಆಮೇಲೆ ಮಾರಿದೆ. ಕದ್ದವಳು ಹಾಗೆ ಹೇಳುತ್ತಾಳೆಯೇ, ಯಜಮಾನರೇ?" ಎಂದಳು. ಗಾಡಿಯವನು ಹೌದೆಂದು ಸಾಕ್ಷಿ ನುಡಿದ. ಡಬ್ಬಿಗಳನ್ನು ಪುಕ್ಕಟೆ ಹಂಚಲೆಂದೇ ವರ್ತಕನಿಗೆ ಕೊಟ್ಟಿದ್ದೆನೆಂದು ವೈದ್ಯ ಹೇಳಿದ.

ಹಿರಿಯರು ಅವಳ ಎರಡು ಕಾಸನ್ನು ಮುಟ್ಟಲಿಲ್ಲ. ವರ್ತಕ ಮಾರಿ ಗಳಿಸಿದ್ದನ್ನೆಲ್ಲ ಕೊಂಡವರಿಗೆ ಹಿಂದಿರುಗಿಸಬೇಕೆಂದರು. ವೈದ್ಯ ಉಳಿದ ಡಬ್ಬಿಗಳನ್ನು ಅಂಗಡಿಯಿಂದ ತರಿಸಿ, ಹಂಚುವ ಕೆಲಸವನ್ನು ಆ ಹೆಂಗಸಿಗೇ ವಹಿಸಿದ. ಅವಳು ಬುಟ್ಟಿ ಹೊತ್ತು ಕೇರಿಯ ನಡುವೆ ಎದೆಯೆತ್ತಿ ನಡೆದಳು. ಕೈ ಬಿರಿದವರ ಬಾಗಿಲಿಗೇ ಹೋಗಿ ಕೊಟ್ಟಳು. ಒಬ್ಬ ಸಾಹುಕಾರ ಹತ್ತು ಕಾಸು ಮುಂದೆ ಹಿಡಿದಾಗ, "ಇದು ಮಾರುವುದಲ್ಲ" ಎಂದು ಮುಂದಿನ ಮನೆಗೆ ಹೋದಳು. ಸಂಜೆಗೆ ಬುಟ್ಟಿ ಬರಿದಾಯಿತು. ಒಂದು ಡಬ್ಬಿಯೂ ಮಾರಾಟವಾಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಇಬ್ಬರಿಗೂ ಪುಕ್ಕಟೆಯೇ ಬಂದಿತ್ತು, ಇಬ್ಬರೂ ಮಾರಿದರು. ವರ್ತಕನದು ಮಾತ್ರ ಹೇಗೆ ತಪ್ಪಾಯಿತು?" ಎಂದು ಕೇಳಿದ.

ಗುರುಗಳು ಅವನನ್ನೇ ನೋಡುತ್ತ ಹೇಳಿದರು: "ಈಗ ನೀನು ಮಾರಬೇಕೆಂದಿರುವುದು ನಿನಗೆಂದು ಕೊಟ್ಟದ್ದೋ, ಹಂಚಲೆಂದು ನಿನ್ನ ಕೈಗೆ ಕೊಟ್ಟದ್ದೋ?"