ಜೇಡಕ್ಕೆ ಹಲ್ಲಿಯ ಸಂದರ್ಶನ

ಸಾಫ್ಟ್‌ವೇರ್ ಎಂಜಿನಿಯರ್ ಕೆಲಸದ ಸಂದರ್ಶನಕ್ಕೆಂದು ಜೇಡವೊಂದು ಹೋಯಿತು. ಒಳಗೆ ಪ್ರಶ್ನೆ ಕೇಳಲು ಕೂತಿದ್ದದ್ದು ಹಲ್ಲಿ! ಜೇಡ ಎಂಟೂ ಕಾಲು ಮುದುಡಿಕೊಂಡು ಎದುರಿಗೆ ಕೂತಿತು. ನಿಜ ನುಡಿದರೆ ಹಲ್ಲಿ ಲೊಚಗುಟ್ಟುತ್ತದೆಂದು ಎಲ್ಲರಿಗೂ ಗೊತ್ತು. ಸುಳ್ಳಾಡಿದರೆ ಏನು ಮಾಡುತ್ತದೆಂದು ಹೇಳಲು ಯಾವ ಜೇಡವೂ ಉಳಿದಿಲ್ಲ.

ತಿಂಗಳಿಡೀ ಉರು ಹೊಡೆದ ಉತ್ತರಗಳನ್ನೆಲ್ಲ ಜೇಡ ಒಂದೇ ಉಸಿರಿಗೆ ಒಪ್ಪಿಸಿತು. ಹಲ್ಲಿ ಲೊಚಗುಟ್ಟಲಿಲ್ಲ.

“ಬೋರ್ಡಿನ ಮೇಲೆ ಕೋಡ್ ಬರೆಯಿರಿ. ಯೋಚಿಸುವುದನ್ನು ಬಾಯಿಬಿಟ್ಟು ಹೇಳುತ್ತಾ ಬರೆಯಿರಿ,” ಎಂದಿತು.

ಜೇಡ ತುಟಿ ಬಿಚ್ಚದೆ ಬರೆಯಿತು. ಐದನೇ ಸಾಲು ತಪ್ಪಿದ್ದು ಗೊತ್ತಾದೊಡನೆ ಅದಕ್ಕೆ ಅಡ್ಡ ನಿಂತಿತು.

“ಏನಾಯಿತು?”

“ಏನಿಲ್ಲ ಸಾರ್, ಎಲ್ಲ ಸರಿಯಾಗಿದೆ.”

ಹಲ್ಲಿ ಒಂದು ಹೆಜ್ಜೆ ಹತ್ತಿರ ಬಂತು. ಇನ್ನೊಂದು ಹೆಜ್ಜೆ. ಅದರ ನಾಲಿಗೆ ಕಾಣಿಸಿತು.

ಜೇಡ ಪಕ್ಕಕ್ಕೆ ಸರಿದು, “ಇಲ್ಲಿ ತಪ್ಪಿದೆ ಸಾರ್. ಯಾಕೆಂದು ನನಗೆ ಗೊತ್ತಿಲ್ಲ,” ಎಂದು ಎಂಟೂ ಕಣ್ಣು ಮುಚ್ಚಿಕೊಂಡಿತು.

ಲೊಚ್ ಲೊಚ್ ಲೊಚ್!

“ಈ ಮಾತಿಗೇ ಕಾಯುತ್ತಿದ್ದೆ. ಬನ್ನಿ, ಇಬ್ಬರೂ ಸೇರಿ ಹುಡುಕೋಣ,” ಎಂದಿತು ಹಲ್ಲಿ.

ಜೇಡ ಏಳು ಕಣ್ಣನ್ನು ಬೋರ್ಡಿನ ಮೇಲಿಟ್ಟಿತು. ಎಂಟನೆಯದನ್ನು ಮಾತ್ರ ಹಲ್ಲಿಯ ಬಾಯಿಯ ಮೇಲೇ ಇಟ್ಟಿತ್ತು.