ಟೀಚರಮ್ಮನ ಕೊರಳ ಮೈಕು

"ಒಂದು ಮಗುವಿಗೆ ಕೊಡಬೇಕಾದ್ದನ್ನೆಲ್ಲ ಕೊಟ್ಟಾಗಿದೆ, ಗುರುಗಳೇ. ಆದರೂ ಅದು ದಿನೇ ದಿನೇ ಮಂಕಾಗುತ್ತಿದೆ. ಇನ್ನೇನು ಕೊಡಲಿ?" ಎಂದು ತಿಪ್ಪೇಸ್ವಾಮಿ ಕೇಳಿದ.

ತಿಪ್ಪೇಸ್ವಾಮಿ ಒಂದು ಪ್ರೌಢಶಾಲೆಯ ಶಿಕ್ಷಕ. ಕೇಳಿದ್ದು, ತನಗೆ ಪಾಠ ಮಾಡುವುದನ್ನು ಕಲಿಸಿದ ಹಾಲಪ್ಪ ಮೇಷ್ಟ್ರನ್ನು. ಅವನ ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ಹುಡುಗನಿದ್ದ. ಆ ಹುಡುಗನಿಗಾಗಿ ತಿಪ್ಪೇಸ್ವಾಮಿ ಕಂಡ ಕಂಡ ಬಾಗಿಲು ತಟ್ಟಿ, ಕಾಡಿ ಬೇಡಿ, ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರ್ ತರಿಸಿದ್ದ. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಪುಸ್ತಕಗಳನ್ನೂ ತರಿಸಿದ್ದ. ಅವೆಲ್ಲ ಹೇಗೆ ಕೆಲಸ ಮಾಡುತ್ತವೆ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಗುರುಗಳಿಗೆ ಬಿಡಿಸಿ ಬಿಡಿಸಿ ಹೇಳಿದ.

ಹಾಲಪ್ಪ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. "ಯಂತ್ರದ ವಿಷಯ ಚೆನ್ನಾಗಿ ಹೇಳಿದೆ," ಎಂದರು. "ಈಗ ನಾನೊಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ನಿನಗೆ ಆ ಚಟ ಮೊದಲಿನಿಂದಲೂ ಇದೆ." ಹೀಗೆಂದು ಕತೆ ಶುರು ಮಾಡಿದರು.

ಒಂದು ಊರಿನ ಶಾಲೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳಿಗೆ ಕಿವಿ ಮಂದ. ಗುಡುಗು ಕೇಳುತ್ತಿತ್ತು, ಶಾಲೆಯ ಗಂಟೆ ಕೇಳುತ್ತಿತ್ತು. ಮನುಷ್ಯರ ಮಾತು ಕೇಳುತ್ತಿರಲಿಲ್ಲ. ಎದುರಿಗೆ ನಿಂತು ನಿಧಾನವಾಗಿ ಆಡಿದರೆ ತುಟಿ ನೋಡಿ ಒಂದಿಷ್ಟು ತಿಳಿದುಕೊಳ್ಳುತ್ತಿದ್ದಳು. ಅವಳು ಆಡುವ ಮಾತೂ ಅಷ್ಟೇ, ಬಳಕೆಯಿದ್ದವರಿಗೆ ಮಾತ್ರ ತಿಳಿಯುತ್ತಿತ್ತು.

ಅವಳ ಪಕ್ಕದಲ್ಲಿ ಕುಂಬಾರರ ಮನೆಯ ಹುಡುಗಿ ಕೂರುತ್ತಿದ್ದಳು. ಅವಳೋ ಬಾಯಿಬಡಕಿ. ಮಾತಾಡದಿದ್ದರೆ ಅವಳಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಅಂಥವಳಿಗೆ ಕಿವಿ ಕೇಳದ ಜೊತೆ ಸಿಕ್ಕರೆ ಏನು ಮಾಡಬೇಕು? ಅವಳು ಜೊತೆಯವಳ ಅಂಗೈ ಎಳೆದುಕೊಂಡು ಅದರ ಮೇಲೆ ಬೆರಳಿನಿಂದ ಬರೆಯತೊಡಗಿದಳು. ಪೂರ್ತಿ ಪದ ಬರೆಯುವಷ್ಟು ತಾಳ್ಮೆ ಅವಳಿಗೆಲ್ಲಿ? ಮೊದಲಿನ ಅಕ್ಷರ ಅಂಗೈ ಮೇಲೆ, ಉಳಿದದ್ದು ಕಣ್ಣು ಮೂಗಿನಲ್ಲಿ. ನೋಡಿ ನೋಡಿ ಬೇರೆ ಮಕ್ಕಳೂ ಕಲಿತರು. ಒಬ್ಬೊಬ್ಬರಿಗೂ ಒಂದೊಂದು ಗುರುತು ಹುಟ್ಟಿತು. ಮೂಗು ಒರೆಸಿದರೆ ಒಬ್ಬ, ಜಡೆ ಜಗ್ಗಿದರೆ ಒಬ್ಬಳು, ಹಣೆಯ ಮೇಲೆ ಮೂರು ಬೆರಳು ಅಡ್ಡ ಎಳೆದರೆ ಹೆಡ್‌ಮೇಷ್ಟ್ರು.

ಆ ತರಗತಿಯಲ್ಲಿ ಯಾರಾದರೂ ನಗೆಮಾತು ಆಡಿದರೆ ಎರಡು ಸಲ ನಗು ಏಳುತ್ತಿತ್ತು. ಮೊದಲು ಎಲ್ಲರದು. ಆಮೇಲೆ, ಅಂಗೈಗೆ ಸುದ್ದಿ ಮುಟ್ಟಿದ ಮೇಲೆ, ಅವಳೊಬ್ಬಳದು. ಆ ತಡವಾದ ನಗುವನ್ನು ಕೇಳಿ ತರಗತಿಯೆಲ್ಲ ಮತ್ತೆ ನಗುತ್ತಿತ್ತು. ಮಕ್ಕಳಿಗೆ ಅದು ಅಭ್ಯಾಸವಾಗಿ ಹೋಗಿತ್ತು.

ತರಗತಿಯ ಟೀಚರಮ್ಮ ಒಳ್ಳೆಯವಳು. ಈ ಕತೆಯಲ್ಲಿ ಕೆಟ್ಟವರನ್ನು ಹುಡುಕಬೇಡ, ಸಿಗುವುದಿಲ್ಲ. ಹುಡುಗಿ ಪಾಠದಲ್ಲಿ ಹಿಂದೆ ಬಿದ್ದಿದ್ದಾಳೆ ಎಂಬ ಸಂಕಟ ಅವಳಿಗಿತ್ತು. ಅಂಗೈ ಮೇಲೆ ಊರ ಸುದ್ದಿ ಬರೆಯಬಹುದು, ಬೀಜಗಣಿತ ಬರೆಯಲಾಗದು. ಟೀಚರಮ್ಮ ಎಲ್ಲೆಲ್ಲೋ ಅಲೆದು ಅವಳಿಗಾಗಿ ಒಂದು ಯಂತ್ರ ತಂದಳು. ಅದರ ಒಂದು ಭಾಗ ಹುಡುಗಿಯ ಕಿವಿಗೆ. ಇನ್ನೊಂದು ಭಾಗ ಬೆಂಕಿಪೊಟ್ಟಣದಷ್ಟು ದೊಡ್ಡ ಮೈಕು, ಅದನ್ನು ದಾರಕ್ಕೆ ಕಟ್ಟಿ ಮಾತಾಡುವವರು ಕೊರಳಿಗೆ ಹಾಕಿಕೊಳ್ಳಬೇಕು. ಮೈಕಿನ ಹತ್ತಿರ ಆಡಿದ ಮಾತು, ಅವರು ತರಗತಿಯ ಯಾವ ಮೂಲೆಯಲ್ಲಿದ್ದರೂ, ನೇರವಾಗಿ ಹುಡುಗಿಯ ಕಿವಿಗೆ ಬೀಳುತ್ತಿತ್ತು.

ಮೊದಲ ದಿನ ಟೀಚರಮ್ಮ ಮೈಕು ಹಾಕಿಕೊಂಡು, ಕಪ್ಪುಹಲಗೆಯ ಹತ್ತಿರ ನಿಂತು, ಬೆನ್ನು ತಿರುಗಿಸಿ, "ಕೇಳ್ತಾ ಇದೆಯೇನೇ?" ಎಂದಳು. ಹುಡುಗಿ ಅತ್ತುಬಿಟ್ಟಳು. ಟೀಚರಮ್ಮನ ದನಿ ಕೊಂಚ ಒಡಕು ಎಂಬುದು ಅವಳಿಗೆ ಅಂದೇ ತಿಳಿದದ್ದು. ಟೀಚರಮ್ಮನೂ ಅತ್ತಳು. ಸುದ್ದಿ ಕೇಳಿದ ತಾಯಿ ಮನೆಯಲ್ಲಿ ಪಾಯಸ ಮಾಡಿದಳು.

ಕುಂಬಾರರ ಹುಡುಗಿಗೂ ಹಿಗ್ಗು. ಅವಳು ಎದ್ದು ನಿಂತು, "ಟೀಚರ್, ನಾನೂ ಒಂದ್ಸಲ ಅದನ್ನ ಹಾಕ್ಕೊಂಡು ಅವಳ ಹತ್ರ ಮಾತಾಡ್ಲಾ?" ಎಂದು ಕೇಳಿದಳು.

"ಮಂಗನ ಕೈಗೆ ಮಾಣಿಕ್ಯ ಕೊಡೋಕಾಗುತ್ತಾ? ಕೂತ್ಕೊ," ಎಂದಳು ಟೀಚರಮ್ಮ.

ತರಗತಿ ನಕ್ಕಿತು. ಕಿವಿಗೆ ಯಂತ್ರ ಹಾಕಿಕೊಂಡ ಹುಡುಗಿಗೆ ಮಂಗನ ಮಾತು, ಮಾಣಿಕ್ಯದ ಮಾತು ಸ್ಪಷ್ಟವಾಗಿ ಕೇಳಿಸಿತು. ಗೆಳತಿ ಏನು ಕೇಳಿದಳು ಎಂಬುದು ಕೇಳಿಸಲಿಲ್ಲ. ಅವಳಿಗೆ ಅದು ಕೊನೆಗೂ ತಿಳಿಯಲಿಲ್ಲ.

ಟೀಚರಮ್ಮ ಆ ಮೈಕನ್ನು ಕಣ್ಣಿನ ಹಾಗೆ ಕಾಪಾಡಿದಳು. ಮಕ್ಕಳಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಊಟದ ಗಂಟೆ ಹೊಡೆದ ಕೂಡಲೇ ಕೊರಳಿನಿಂದ ತೆಗೆದು, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಆಯುಧಪೂಜೆಯ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹೂವಿಟ್ಟು ಕೈ ಮುಗಿದಳು. ಮಕ್ಕಳಿಂದಲೂ ಕೈ ಮುಗಿಸಿದಳು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ. ಇಲ್ಲಿ ದೇವರನ್ನು ತಂದವಳೂ ಅವಳೇ, ಪೂಜಾರಿಯಾದವಳೂ ಅವಳೇ.

ಅಂಗೈ ಬರಹವೂ ನಿಂತಿತು. ಕೈಸನ್ನೆ ಮಾಡುತ್ತಿದ್ದರೆ ಕಿವಿ ಸೋಮಾರಿಯಾಗುತ್ತದೆ ಎಂದು ಯಾರೋ ತಿಳಿದವರು ಟೀಚರಮ್ಮನಿಗೆ ಹೇಳಿದ್ದರು. ಅವಳು ಅದನ್ನು ಮಕ್ಕಳಿಗೆ ಹೇಳಿದಳು. ಗದ್ದಲದಲ್ಲಿ ಯಂತ್ರ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು ಹುಡುಗಿಯನ್ನು ಮುಂದಿನ ಬೆಂಚಿಗೆ ತಂದು ಕೂರಿಸಿದಳು. ಹುಡುಗಿ ಬೀಜಗಣಿತ ಕಲಿತಳು. ವರ್ಷ ಮುಗಿಯುವ ಹೊತ್ತಿಗೆ ತರಗತಿಗೇ ಮೊದಲಿಗಳಾದಳು. ಊರು ಟೀಚರಮ್ಮನ ಬೆನ್ನು ತಟ್ಟಿತು, ತಟ್ಟಬೇಕಾದ್ದೇ.

ಹುಡುಗಿಯ ಕಿವಿಯಲ್ಲಿ ಈಗ ಟೀಚರಮ್ಮ ತುಂಬಿಕೊಂಡಿದ್ದಳು. ಪಾಠ ಮಾತ್ರವಲ್ಲ. ಟೀಚರಮ್ಮ ನೀರು ಕುಡಿದರೆ ಆ ಗುಟುಕು ಕೇಳುತ್ತಿತ್ತು, ಬಳೆ ಮೈಕಿಗೆ ತಾಗಿದರೆ ಆ ಸದ್ದು ಕೇಳುತ್ತಿತ್ತು. ಟೀಚರಮ್ಮನಿಗೆ ಯಾವ ದಿನ ಮೈಗೆ ಹುಷಾರಿಲ್ಲ ಎಂಬುದು ಅವಳಿಗೆ ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಆದರೆ ಕುಂಬಾರರ ಹುಡುಗಿಯ ಅಕ್ಕನಿಗೆ ಮದುವೆಯಾಗಿ ಹೋದದ್ದು ಗೊತ್ತಾಗಿರಲಿಲ್ಲ. ಒಂದು ಸೋಮವಾರ ಗೆಳತಿಯ ಅಂಗೈ ತುಂಬ ಮೆಹಂದಿ ಕಂಡಾಗ ಗೊತ್ತಾಯಿತು.

ತರಗತಿ ನಗುತ್ತಿತ್ತು. ಹಿಂದಿನ ಬೆಂಚಿನಿಂದ ಯಾರೋ ಏನೋ ಅಂದಿರುತ್ತಿದ್ದರು, ಆ ಮಾತು ಮೈಕಿಗೆ ಎಟುಕುತ್ತಿರಲಿಲ್ಲ. ಎಲ್ಲರ ನಗು ಮಾತ್ರ ಕಿವಿಯೊಳಗೆ ಗೊಳ್ ಎಂದು ಕದಡಿ ಬರುತ್ತಿತ್ತು. ಹುಡುಗಿ ಹಿಂದೆ ತಿರುಗಿ ಗೆಳತಿಯತ್ತ ಅಂಗೈ ಚಾಚುತ್ತಿದ್ದಳು.

"ನಿಂಗೀಗ ಕೇಳ್ಸುತ್ತಲ್ಲ," ಎಂದು ಗೆಳತಿ ತುಟಿ ಆಡಿಸುತ್ತಿದ್ದಳು.

ಹುಡುಗಿ ಹೌದೆಂದು ತಲೆಯಾಡಿಸುತ್ತಿದ್ದಳು. ಅಷ್ಟು ಜನ ಅಷ್ಟೊಂದು ಸಂತೋಷಪಟ್ಟ ಮೇಲೆ ಕೇಳಿಸುವುದಿಲ್ಲ ಎಂದು ಹೇಳುವುದು ಹೇಗೆ? ಎಲ್ಲರೂ ನಗುವಾಗ ಅವಳೂ ಹಲ್ಲು ಬಿಟ್ಟು ನಗುವುದನ್ನು ರೂಢಿ ಮಾಡಿಕೊಂಡಳು. ಸರಿಯಾದ ಹೊತ್ತಿಗೇ ನಗುತ್ತಿದ್ದಳು, ಯಾವುದಕ್ಕೆ ಎಂದು ಗೊತ್ತಿಲ್ಲದೆ. ನೋಡಿದವರು, ಹುಡುಗಿ ಎಷ್ಟು ಸುಧಾರಿಸಿದಳು ಎಂದರು. ಊಟದ ಹೊತ್ತಿನಲ್ಲಿ ಮೈಕು ಬೀರುವಿನಲ್ಲಿ, ಅವಳು ಜಗಲಿಯ ತುದಿಯಲ್ಲಿ. ಇಷ್ಟು ದೊಡ್ಡ ಶಾಲೆಯಲ್ಲಿ ಅವಳೊಡನೆ ಮಾತಾಡುವವರು ಒಬ್ಬರೂ ಇರಲಿಲ್ಲ. ಯಾರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳಕ್ಕಾದರೂ ಬರುತ್ತಿದ್ದರು.

ಒಂದು ದಿನ ಅವಳು ಒಂದು ಉಪಾಯ ಮಾಡಿದಳು. ಕಿವಿಯಲ್ಲಿ ಯಂತ್ರ ಇರುವುದರಿಂದಲೇ ಗೆಳತಿ ಬರೆಯುವುದಿಲ್ಲ, ಯಂತ್ರ ಇಲ್ಲದಿದ್ದರೆ ಬರೆಯಲೇಬೇಕಲ್ಲ ಎಂದುಕೊಂಡಳು. ಅದನ್ನು ಕಿವಿಯಿಂದ ತೆಗೆದು ಚೀಲಕ್ಕೆ ಹಾಕಿದಳು. ಮುಂದಿನ ಬೆಂಚು ಬಿಟ್ಟು ತನ್ನ ಹಳೆಯ ಜಾಗಕ್ಕೆ ಹೋಗಿ ಗೆಳತಿಯನ್ನು ಒತ್ತಿಕೊಂಡು ಕೂತಳು. ಯಾರೋ ಏನೋ ಅಂದರು. ಎಲ್ಲರ ಹೆಗಲೂ ಕುಲುಕಿದವು. ಅವಳು ಅಂಗೈಯನ್ನು ಡೆಸ್ಕಿನ ಮೇಲೆ ಬಿಚ್ಚಿಟ್ಟು ಕಾದಳು.

ಗೆಳತಿ ಆ ಅಂಗೈ ನೋಡಿದಳು. ಬೆರಳು ಮುಂದೆ ಮಾಡಿದಳು. ಯಾವ ಅಕ್ಷರದಿಂದ ಶುರು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ತುಳಿಯದ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡು, ಟೀಚರಮ್ಮನ ಕಡೆಗೆ ಬೆರಳು ತೋರಿಸಿ, ಮುಂದೆ ಹೋಗಿ ಕೂರು ಎಂದು ಸನ್ನೆ ಮಾಡಿದಳು. ಹುಡುಗಿ ಅಂಗೈ ಮುಚ್ಚಿಕೊಂಡಳು. ಅಂದು ಅವಳ ಎದೆಗೆ ಬಿದ್ದ ಪೆಟ್ಟು ಕಿವುಡಿನ ಪೆಟ್ಟಿಗಿಂತ ದೊಡ್ಡದು.

ತರಗತಿ ಬಿಟ್ಟ ಮೇಲೆ ಟೀಚರಮ್ಮ ಅವಳನ್ನು ನಿಲ್ಲಿಸಿಕೊಂಡಳು. ಚೀಲದಿಂದ ಯಂತ್ರ ತೆಗೆಸಿ, ತಾನೇ ಅವಳ ಕಿವಿಗೆ ಸಿಕ್ಕಿಸಿದಳು.

"ಯಾಕಮ್ಮ ತೆಗೆದಿಟ್ಟೆ? ಕೆಟ್ಟಿದೆಯಾ?"

"ಕೆಟ್ಟಿಲ್ಲ ಟೀಚರ್. ಚೆನ್ನಾಗಿ ಕೇಳ್ಸುತ್ತೆ. ಆದ್ರೆ ಇದರಲ್ಲಿ ನೀವೊಬ್ರೇ ಇದೀರಿ," ಎಂದಳು ಹುಡುಗಿ.

"ಅದಕ್ಕೆ ತೆಗೆದುಬಿಡೋದಾ?"

"ತೆಗೆದ್ರೆ ನೀವೂ ಇರಲ್ಲ," ಎಂದಳು.

ಹಾಲಪ್ಪ ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

ತಿಪ್ಪೇಸ್ವಾಮಿ ಕತೆ ಮುಂದುವರಿಯಲಿ ಎಂದು ಕಾದ. "ಹಾಗಾದರೆ ಆ ಯಂತ್ರವನ್ನು ತರಲೇಬಾರದಿತ್ತು ಎನ್ನುತ್ತೀರಾ?" ಎಂದು ಕೇಳಿದ.

"ನಾನು ಹಾಗೆಂದೆನೇ? ತರದಿದ್ದರೆ ಆ ಹುಡುಗಿ ಬೀಜಗಣಿತ ಕಲಿಯುತ್ತಿರಲಿಲ್ಲ," ಎಂದರು ಮೇಷ್ಟ್ರು.

"ಮತ್ತೆ ಆ ಟೀಚರಮ್ಮ ಆಮೇಲೆ ಏನು ಮಾಡಿದಳು?"

"ಅದು ಅವಳ ತರಗತಿಯ ಮಾತು. ನಿನ್ನ ಹುಡುಗನ ಪಕ್ಕದಲ್ಲಿ ಯಾರು ಕೂರುತ್ತಾರೆ, ಹೇಳು."

ತಿಪ್ಪೇಸ್ವಾಮಿಗೆ ಯಾವ ಹೆಸರೂ ಹೊಳೆಯಲಿಲ್ಲ.